ಮೂಲೆ ಮಡಚುವ ವಿದ್ಯೆ

ದೀಪಾವಳಿಗೆ ಇನ್ನೊಂದು ವಾರ ಇದೆ ಎನ್ನುವಾಗ ನಮ್ಮ ಅಪಾರ್ಟ್‌ಮೆಂಟಿನ ಸಂಘದವರು ‘ಉಡುಗೊರೆ ಸುತ್ತುವ ಕಲೆ’ ಎಂಬ ಅರ್ಧ ದಿನದ ಶಿಬಿರ ಇಟ್ಟರು. ಶುಲ್ಕ 800 ರೂಪಾಯಿ. ನನ್ನವಳು ತನ್ನ ಹೆಸರು ಬಿಟ್ಟು ನನ್ನ ಹೆಸರು ಬರೆಸಿ ಬಂದಳು. ಹೋದ ವರ್ಷ ನಾನು ಸುತ್ತಿದ್ದ ಕುಕ್ಕರ್ ಡಬ್ಬಿ ಕಂಡು ಅವಳ ತಮ್ಮ, “ಭಾವ, ಇದನ್ನ ಯಾವ ಲಾರಿ ಕೆಳಗಿಂದ ತೆಗೆದ್ರಿ?” ಎಂದು ಕೇಳಿದ್ದ. ಆ ಮಾತು ಅವಳಿಗೆ ನಾಟಿತ್ತು, ನನಗಲ್ಲ.

ಶಿಬಿರದಲ್ಲಿ ಕಲಿತದ್ದನ್ನು ಪುಕ್ಕಟೆಯಾಗಿ ಹೇಳಿಬಿಡುತ್ತೇನೆ. ಕಾಗದ ಜಾಸ್ತಿಯಾದರೇ ಮೂಲೆ ಉಬ್ಬುವುದು. ಆದ್ದರಿಂದ ಮೊದಲು ಡಬ್ಬಿಯನ್ನು ಅಳೆಯಬೇಕು. ಕತ್ತರಿಸಿದ ಅಂಚನ್ನು ಅರ್ಧ ಇಂಚು ಒಳಕ್ಕೆ ಮಡಚಿ ಉಗುರಿನಿಂದ ಗೀರಬೇಕು. ಡಬಲ್ ಸೈಡ್ ಟೇಪ್ ಹೊರಗಿನವರ ಕಣ್ಣಿಗೆ ಬೀಳಬಾರದು. ಪಕ್ಕಗಳನ್ನು ಒಳಕ್ಕೆ ದೂಡಿದಾಗ ಮೇಲೊಂದು ಕೆಳಗೊಂದು ಕಿವಿ ಉಳಿಯುತ್ತದೆ. ಮೇಲಿನದನ್ನು ಇಳಿಸಿ ಕೆಳಗಿನದನ್ನು ಅದರ ಮೇಲೆ ತರಬೇಕು. ಮೇಡಂ ಕೈಯಲ್ಲಿ ಅದು ಇಸ್ತ್ರಿ ಮಾಡಿದ ಕಾಲರಿನಂತೆ ಕೂತಿತು. ನನ್ನ ಎಡಮೂಲೆ ಸಮೋಸ ಆಯಿತು, ಬಲಮೂಲೆ ಕರ್ಜಿಕಾಯಿ.

ಕೊನೆಗೆ ಮೇಡಂ ಮೇಲೊಂದು ಹೊಳೆಯುವ ಪ್ಲಾಸ್ಟಿಕ್ ಹಾಳೆ ಸುತ್ತತೊಡಗಿದರು. ನಮ್ಮ ಬ್ಲಾಕಿನ ಪರಿಸರದ ರಾಯರು ಎದ್ದು, ಸಿಹಿ ಡಬ್ಬಿಗೂ ಆಮಂತ್ರಣ ಪತ್ರಿಕೆಗೂ ಹೀಗೆ ಸುತ್ತುವುದನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದಲೇ ನಿಷೇಧಿಸಿದೆ ಎಂದರು. “ಇದು ಸಿಹಿ ಅಲ್ಲ ಸಾರ್, ಡ್ರೈ ಫ್ರೂಟ್ಸ್” ಎಂದರು ಮೇಡಂ. ರಾಯರು ಕೂತರು.

ನನಗೆ ಊರಿನ ಶೆಟ್ಟರ ನೆನಪಾಯಿತು. ಹಳೇ ಪೇಪರಿನ ಮೇಲೆ ಕಾಲು ಕೇಜಿ ಸಕ್ಕರೆ ಸುರಿದು, ಕಿವಿ ಮಡಚಿ, ತಲೆಯ ಮೇಲೆ ತೂಗುತ್ತಿದ್ದ ಉಂಡೆಯಿಂದ ದಾರ ಎಳೆದು ಎರಡು ಸುತ್ತು ಸುತ್ತಿ ಪಟ್ಟಂತ ಹರಿಯುತ್ತಿದ್ದರು. ಕತ್ತರಿ ಇಲ್ಲ, ಟೇಪ್ ಇಲ್ಲ, ಮನೆ ಮುಟ್ಟುವ ತನಕ ಒಂದು ಹರಳು ಸೋರುತ್ತಿರಲಿಲ್ಲ. ಆದರೆ ಪಾಪ, ಅವರು ಅದನ್ನು ಪೊಟ್ಟಣ ಎನ್ನುತ್ತಿದ್ದರು. ‘ಪ್ರೆಸೆಂಟೇಶನ್’ ಎಂದಿದ್ದರೆ ಇನ್ನೊಂದು ಅಂಗಡಿ ಹಾಕಬಹುದಿತ್ತು.

ಈ ಬಣ್ಣದ ಕಾಗದದ ಹುಟ್ಟಿಗೂ ಅಂಗಡಿಯೇ ಕಾರಣ. 1917ರ ಕ್ರಿಸ್‌ಮಸ್ ಹೊತ್ತಿಗೆ ಅಮೆರಿಕದ ಕಾನ್ಸಸ್ ಸಿಟಿಯಲ್ಲಿ ಹಾಲ್ ಸಹೋದರರ ಅಂಗಡಿಯಲ್ಲಿ ಟಿಶ್ಯೂ ಕಾಗದ ಖಾಲಿಯಾಯಿತು. ಲಕೋಟೆಯ ಒಳಮೈಗೆ ಅಂಟಿಸಲು ಫ್ರಾನ್ಸಿನಿಂದ ತರಿಸಿದ್ದ ಚಿತ್ತಾರದ ಕಾಗದವನ್ನೇ ತಂದು ಗಲ್ಲಾದ ಮೇಲೆ ಇಟ್ಟರು. ಅದೂ ಖಾಲಿಯಾಯಿತು. ಅವರೇ ಮುಂದೆ ಹಾಲ್‌ಮಾರ್ಕ್ ಆದರು. ಸ್ಟಾಕ್ ಇಲ್ಲದಾಗ ಕೈಗೆ ಸಿಕ್ಕಿದ್ದನ್ನು ಮಾರಿದ್ದು, ಇವತ್ತು ಇಲ್ಲದಿದ್ದರೆ ಮರ್ಯಾದೆ ಹೋಗುವ ಸಂಪ್ರದಾಯ.

ಅದೇ ಅಮೆರಿಕದಲ್ಲಿ, ನೆವಾಡ ವಿಶ್ವವಿದ್ಯಾಲಯದವರು 2019ರಲ್ಲಿ ಒಂದು ಸಂಶೋಧನೆ ಪ್ರಕಟಿಸಿದರು. ಬ್ಯಾಸ್ಕೆಟ್‌ಬಾಲ್ ತಂಡಗಳ ಗುರುತಿದ್ದ ಮಗ್ಗುಗಳನ್ನು ಕೆಲವರಿಗೆ ನೀಟಾಗಿ, ಕೆಲವರಿಗೆ ಅಡ್ಡಾದಿಡ್ಡಿಯಾಗಿ ಸುತ್ತಿ ಕೊಟ್ಟರು. ಅಡ್ಡಾದಿಡ್ಡಿ ಸುತ್ತಿದ್ದನ್ನು ಬಿಚ್ಚಿದವರಿಗೇ ಮಗ್ಗು ಹೆಚ್ಚು ಹಿಡಿಸಿತಂತೆ. ಚೆಂದದ ಸುತ್ತು ಆಸೆ ಹುಟ್ಟಿಸುತ್ತದೆ, ಒಳಗಿನ ಮಗ್ಗು ಆ ಆಸೆಗೆ ತಣ್ಣೀರು ಎರಚುತ್ತದೆ. ಅಷ್ಟಾಗಿ ಬಳಕೆ ಇಲ್ಲದವರಿಗೆ ಕೊಡುವಾಗ ಮಾತ್ರ ನೀಟಾಗಿ ಸುತ್ತಿದರೆ ಲಾಭ. ನಾನು ಇದನ್ನು ಓದಿ ಹೇಳಿದಾಗ ನನ್ನವಳು ಕುಕ್ಕರ್ ಡಬ್ಬಿಯನ್ನು ಮತ್ತೆ ನೆನಪಿಸಿದಳು.

ವಿದ್ವಾಂಸರ ಲೆಕ್ಕದಲ್ಲಿ ಒಂದೇ ತಪ್ಪು. ಉಡುಗೊರೆಯನ್ನು ಬಿಚ್ಚುತ್ತಾರೆ ಎಂದುಕೊಂಡಿದ್ದಾರೆ! ನಮ್ಮಲ್ಲಿ ಬಂದದ್ದು ನೇರ ಬೀರುವಿನ ಮೇಲೆ ಹೋಗುತ್ತದೆ. ಅಮ್ಮ ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ‘ತುಮಕೂರಿನವರು ಕೊಟ್ಟದ್ದು, ಅವರಿಗೆ ಬೇಡ’ ಎಂದು ಬರೆದಿಡುತ್ತಾಳೆ. ಗೃಹಪ್ರವೇಶವೋ ನಾಮಕರಣವೋ ಬಂದಾಗ ಅಲ್ಲಿಂದ ಒಂದು ಇಳಿಯುತ್ತದೆ. ಹಳೇ ಕಾಗದದ ಮೇಲೇ ಹೊಸ ಕಾಗದ. ಸುತ್ತು ನೀಟಾಗಿರಬೇಕಾದದ್ದು ಇದಕ್ಕೇ: ಹತ್ತು ಮನೆ ತಿರುಗಿದರೂ ಈಗಷ್ಟೇ ಅಂಗಡಿಯಿಂದ ತಂದಂತೆ ಕಾಣಬೇಕಲ್ಲ. ಸೋನ್ ಪಾಪಡಿ ಡಬ್ಬಿಯಂತೂ ನಮಗಿಂತ ಹೆಚ್ಚು ಊರು ನೋಡಿರುತ್ತದೆ.

ಶಿಬಿರದ ವಿದ್ಯೆಯನ್ನೆಲ್ಲ ಸುರಿದು ಅಂಥದ್ದೊಂದು ಡಬ್ಬಿಗೆ ಮರೂನ್ ಕಾಗದ ಸುತ್ತಿ, ಬಲಿಪಾಡ್ಯಮಿಯ ದಿನ ನೆಲಮಹಡಿಯವರಿಗೆ ಕೊಟ್ಟೆ. ತುಳಸಿ ಹಬ್ಬದ ಸಂಜೆ ಮೂರನೇ ಮಹಡಿಯವರು ನಗುನಗುತ್ತಾ ಬಂದು ನಮಗೊಂದು ಡಬ್ಬಿ ಕೊಟ್ಟರು. ಮರೂನ್ ಕಾಗದ, ಎಡಗಡೆ ಸಮೋಸ, ಬಲಗಡೆ ಕರ್ಜಿಕಾಯಿ. “ಅಯ್ಯೋ, ಇದೆಲ್ಲ ಯಾಕೆ ತರೋಕೆ ಹೋದ್ರಿ!” ಎಂದಳು ನನ್ನವಳು.

ಡಿಸೆಂಬರಿನಲ್ಲಿ ನಮ್ಮ ಆಫೀಸಿನಲ್ಲಿ ಸೀಕ್ರೆಟ್ ಸಾಂಟಾ ಇದೆ. ಡಬ್ಬಿ ಅಲ್ಲಿಂದ ಹೊರಡುತ್ತದೆ, ಒಂದಲ್ಲ ಒಂದು ದಿನ ನಿಮ್ಮ ಮನೆಗೂ ಬಂದೀತು. ಬಂದರೆ ದಯವಿಟ್ಟು ಬಿಚ್ಚಿ ನೋಡಿ, ಒಳಗೇನಿದೆ ಎಂದು ನನಗೂ ಒಂದು ಮಾತು ತಿಳಿಸಿ.