ಮಿಠಿ ಶುದ್ಧಿ ಮೀಮಾಂಸೆ

ಮುಂಬಯಿಯ ಮಿಠಿ ನದಿಯನ್ನು ಶುದ್ಧಗೊಳಿಸುವ ಮಹಾಯೋಜನೆಗಳು ಕೈಗೂಡುವಂಥವೇ ಎಂಬುದು ಈ ಪ್ರಬಂಧದ ವಿಷಯ. ಮೊದಲಿಗೆ ನದಿಯ ಕುಲಗೋತ್ರ. ಕಾವೇರಿಗೆ ಬ್ರಹ್ಮಗಿರಿ, ಗೋದಾವರಿಗೆ ತ್ರ್ಯಂಬಕ ಇದ್ದಂತೆ ಮಿಠಿಗೆ ತೀರ್ಥಕ್ಷೇತ್ರವೇನೂ ಇಲ್ಲ. 1860ರ ವಿಹಾರ್, 1891ರ ಪೊವಾಯಿ ಕೆರೆಗಳು ಕೋಡಿ ಬಿದ್ದ ನೀರೇ ಇವಳ ಮೂಲ. ಆದ್ದರಿಂದ ಗೋತ್ರ ಮುನಿಸಿಪಾಲಿಟಿ. ಮಾಹಿಮ್ ಖಾಡಿಯವರೆಗಿನ ಸುಮಾರು 18 ಕಿ.ಮೀ. ಹಾದಿಯಲ್ಲಿ ವಿಮಾನ ನಿಲ್ದಾಣ ಎದುರಾದಾಗ ರನ್‌ವೇ ಕೆಳಗೆ ನುಸುಳಿ, ಲಂಬಕೋನದಲ್ಲಿ ತಿರುಗುತ್ತಾಳೆ. ಸ್ವಂತ ಇಷ್ಟದಿಂದ ಲಂಬಕೋನದಲ್ಲಿ ತಿರುಗಿದ ನದಿ ಪುರಾಣಗಳಲ್ಲೂ ಇಲ್ಲ.

ಇನ್ನು ತರ್ಕಶಾಸ್ತ್ರದ ಪ್ರಮಾಣಗಳು. ಪ್ರತ್ಯಕ್ಷಕ್ಕೆ ಕುರ್ಲಾ ಸೇತುವೆಯ ಮೇಲೆ ನಿಂತರೆ ಸಾಕು. ನದಿ ಕಣ್ಣಿಗಿಂತ ಮೊದಲು ಮೂಗಿಗೆ ಗೋಚರಿಸುತ್ತದೆ. ದಂಡೆಯಲ್ಲಿ ಗುಜರಿಯವರು ಎಣ್ಣೆಯ ಪೀಪಾಯಿಗಳನ್ನು ತೊಳೆಯುತ್ತಾರೆ, ನೀರಿನ ಮೇಲೆ ಕಾಮನಬಿಲ್ಲು ಹರಡುತ್ತದೆ. ಮಳೆಗಾಲಕ್ಕೆ ಮುಂಚೆ ಪೊಕ್ಲೇನ್ ಯಂತ್ರ ನದಿಗಿಳಿದು ಹೂಳು ಬಾಚಿ ದಡಕ್ಕೆ ಸುರಿಯುತ್ತದೆ: ಒಂಟಿ ಚಪ್ಪಲಿ, ದಿಂಬು, ಗಣಪತಿ ಮಂಟಪದ ಥರ್ಮೊಕೋಲ್. ಅಲ್ಲೇ ನಾಲ್ಕು ಮಾರು ದೂರದಲ್ಲಿ ನಾಲೆಯೊಂದು ಅಂದಿನ ಕೊಚ್ಚೆಯನ್ನು ತಂದು ಬಿಡುತ್ತಿರುತ್ತದೆ. ಯಾರಿಗೂ ಯಾರ ಮೇಲೂ ಮುನಿಸಿಲ್ಲ.

ಅನುಮಾನ ಪ್ರಮಾಣ ಸ್ವಲ್ಪ ಜಟಿಲ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ. ಎಲ್ಲಿ ಗುತ್ತಿಗೆದಾರರ ಬಿಲ್ಲೋ ಅಲ್ಲಿ ಎತ್ತಿದ ಹೂಳು. ತಾರ್ಕಿಕರು ವ್ಯಾಪ್ತಿ ಎನ್ನುವ ಈ ನಿಯಮ ಬಹುಕಾಲ ಅಬಾಧಿತವಾಗಿತ್ತು. 2025ರಲ್ಲಿ ಮುಂಬಯಿ ಪೊಲೀಸರ ಆರ್ಥಿಕ ಅಪರಾಧ ದಳ, ಹೂಳೆತ್ತುವ ಗುತ್ತಿಗೆಯಲ್ಲಿ ಸುಮಾರು 65 ಕೋಟಿ ರೂಪಾಯಿ ವಂಚನೆಯಾಗಿದೆ ಎಂಬ ಆರೋಪದ ಮೇಲೆ ಪ್ರಕರಣ ದಾಖಲಿಸಿತು. ಬಿಲ್ಲಿದ್ದೂ ಹೂಳಿಲ್ಲದಿರಬಹುದು ಎಂಬ ಈ ಸಂದೇಹಕ್ಕೆ ತರ್ಕಶಾಸ್ತ್ರ ಇಟ್ಟ ಹೆಸರು ವ್ಯಭಿಚಾರ ದೋಷ.

ಶಬ್ದಪ್ರಮಾಣಕ್ಕೆ 2018ರಲ್ಲಿ ನಗರದ ನಾಲ್ಕು ನದಿಗಳ ಉಳಿವಿಗಾಗಿ ಬಂದ ವಿಡಿಯೊ ಹಾಡೇ ಇದೆ, ಮುಖ್ಯಮಂತ್ರಿಗಳೇ ಅದರಲ್ಲಿ ಕಾಣಿಸಿಕೊಂಡಿದ್ದರು. ಮಿಠಿ, ದಹಿಸರ್, ಪೊಯಿಸರ್, ಓಶಿವರಾ ನಾಲ್ವರೂ ಕೇಳಿಸಿಕೊಂಡರು.

ಆಡಳಿತದ ಅಧ್ಯಾಯ ಚಿಕ್ಕದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದು ಮಿಠಿ ಮನೆಮನೆ ಹೊಕ್ಕಾಗ ನಗರಕ್ಕೆ ತನ್ನ ನದಿಯ ನೆನಪಾಯಿತು. ಮರುತಿಂಗಳೇ ನದಿಗೊಂದು ಪ್ರಾಧಿಕಾರ ಹುಟ್ಟಿತು. ಮೇಲಿನ 11.8 ಕಿ.ಮೀ. ಪಾಲಿಕೆಗೆ, ಕೆಳಗಿನ 6 ಕಿ.ಮೀ. ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ (ಎಂಎಂಆರ್‌ಡಿಎ) ಎಂದು ಪಾಲಾಯಿತು. ಕೊಚ್ಚೆನೀರನ್ನು ಸುರಂಗದಲ್ಲಿ ಧಾರಾವಿಯ ಶುದ್ಧೀಕರಣ ಘಟಕಕ್ಕೆ ಒಯ್ಯುವ ಕೆಲಸವೂ ಕೈಗೆತ್ತಿಕೊಂಡದ್ದಾಗಿದೆ. ನಿಜ ಹೇಳಬೇಕೆಂದರೆ ಇಡೀ ಕಡತದಲ್ಲಿ ಬುದ್ಧಿಯಿರುವ ಪುಟ ಅದೊಂದೇ. ನದಿಗೆ ಬೀಳುವುದನ್ನು ತಡೆಯದೆ ಬಿದ್ದದ್ದನ್ನು ಎತ್ತುತ್ತಿದ್ದರೆ ಪ್ರತಿವರ್ಷ ಎತ್ತುತ್ತಲೇ ಇರಬೇಕು. ಅದರಲ್ಲಿ ತಪ್ಪೇನೆಂದು ಗುತ್ತಿಗೆದಾರರ ಮತ.

ಉಳಿದದ್ದು ಉಪಮಾನ. ಬೆಂಗಳೂರಿನ ವೃಷಭಾವತಿಯನ್ನು ಮೈಸೂರು ರಸ್ತೆಯಲ್ಲಿ ಕಂಡವರಿಗೆ, ಸಾರಿ, ಮೂಸಿದವರಿಗೆ ಹೆಚ್ಚಿಗೆ ಹೇಳಬೇಕಿಲ್ಲ. ನಮಗೆ ಬೇಕಾದ ದೃಷ್ಟಾಂತ ಲಂಡನ್ನಿನದು. ಥೇಮ್ಸ್ ದಶಕಗಳ ಕಾಲ ನಾರಿದರೂ ಏನೂ ಆಗಲಿಲ್ಲ. 1858ರ ಬೇಸಿಗೆಯಲ್ಲಿ ಆ ನಾತ ದಂಡೆಯ ಮೇಲಿದ್ದ ಸಂಸತ್ತಿನೊಳಕ್ಕೇ ನುಗ್ಗಿತು. ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ತೂಗುಹಾಕಿದರೂ ತಡೆಯಲಾಗದೆ ಕೆಲವೇ ವಾರಗಳಲ್ಲಿ ಕಾನೂನು ಬಂತು, ಬ್ಯಾಝಲ್ಜೆಟ್ ಎಂಬ ಎಂಜಿನಿಯರ್ ನಗರದಡಿ ಚರಂಡಿಜಾಲ ಕಟ್ಟಿದ.

ಇದರಿಂದ ನಾಸಿಕ ಸಿದ್ಧಾಂತ ಫಲಿಸುತ್ತದೆ: ನದಿ ಶುದ್ಧವಾಗುವ ವೇಗ ಆಳುವವರ ಮೂಗಿಗೂ ನದಿಗೂ ಇರುವ ಅಂತರವನ್ನು ಅವಲಂಬಿಸಿದೆ. ಮಂತ್ರಾಲಯ, ವಿಧಾನ ಭವನಗಳು ದಕ್ಷಿಣದ ತುದಿಯಲ್ಲಿ ಅರಬ್ಬೀ ಸಮುದ್ರದ ಗಾಳಿ ಕುಡಿಯುತ್ತಿವೆ. ಎಂಎಂಆರ್‌ಡಿಎ ಕಚೇರಿ ಮಿಠಿಯ ಮಗ್ಗುಲಲ್ಲೇ, ಬಾಂದ್ರಾ–ಕುರ್ಲಾ ಸಂಕೀರ್ಣದಲ್ಲಿದೆಯಲ್ಲ ಎಂದು ಆಕ್ಷೇಪಿಸಬಹುದು. ಆ ಬಡಾವಣೆಯ ಗಾಜಿನ ಕಟ್ಟಡಗಳಿಗೆ ತೆರೆಯುವ ಕಿಟಕಿಗಳಿಲ್ಲ, ಒಳಗೆಲ್ಲ ಎಸಿ. ಸಿದ್ಧಾಂತಕ್ಕೆ ಬಾಧೆಯಿಲ್ಲ.

ಆದ್ದರಿಂದ ಸಲಹೆ: ಹೇಗೂ ಚಳಿಗಾಲದ ಅಧಿವೇಶನಕ್ಕೆ ಎಲ್ಲರೂ ನಾಗಪುರದವರೆಗೆ ಹೋಗುತ್ತಾರೆ. ಬಜೆಟ್ ಅಧಿವೇಶನವನ್ನು ಧಾರಾವಿಯ ಹೊಳೆದಂಡೆಯಲ್ಲಿ, ಕಿಟಕಿ ತೆರೆದು, ಏಪ್ರಿಲ್ ತಿಂಗಳ ಇಳಿತದ ಹೊತ್ತಿನಲ್ಲಿ ನಡೆಸುವುದು. ಪರದೆಗಳಿಗೆ ಸುಣ್ಣ ಬೇಕಾದೀತು. ಟೆಂಡರ್ ಕರೆಯಬಹುದು.