ಪಟ್ಟಾ ಕಾಕಾ

ಕಬನೂರಿನ ನಮ್ಮ ಓಣಿಯಲ್ಲಿ ಯಾರಾದರೂ ಹೊಸ ಕೊಡೆ ತಂದರೆ ಪಟ್ಟಾ ಕಾಕಾ ಅದನ್ನು ಇಸಿದುಕೊಂಡು ತೋರುಬೆರಳ ಮೇಲೆ ಅಡ್ಡ ಇಟ್ಟು ತೂಗುತ್ತಾನೆ. ಕಣ್ಣು ಕಿರಿದು ಮಾಡಿ, “ತೂಕ ಮುಂದಕ್ಕ ಬಿದ್ದದ. ಹೊಡ್ಯಾಕ ಬರೂದಿಲ್ಲ” ಎಂದು ವಾಪಸು ಕೊಡುತ್ತಾನೆ. ಪಾಪ, ಕೊಂಡವನು ಮಳೆಗೆಂದು ಕೊಂಡಿರುತ್ತಾನೆ.

ಇಂಥ ಕತ್ತಿಹುಚ್ಚಿನವರು ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜದ ಸುತ್ತ ಊರಿಗೆ ಒಬ್ಬರಾದರೂ ಸಿಗುತ್ತಾರೆ. ಒಬ್ಬ ಗಡಿಯಾರ ರಿಪೇರಿಯವನಾಗಿರಬಹುದು, ಇನ್ನೊಬ್ಬ ಶಾಲೆಯ ಮಾಸ್ತರ. ನಮ್ಮ ಕಾಕಾ ಪವರ್‌ಲೂಮಿನ ಜಾಬರ್. ಕೆಟ್ಟ ಮಗ್ಗಗಳನ್ನು ರಿಪೇರಿ ಮಾಡುತ್ತ, ಆ ಖಟಾಖಟಿಯ ನಡುವೆ ಮೂವತ್ತು ವರ್ಷ ಮಾತಾಡಿದ್ದರಿಂದ ಗುಟ್ಟನ್ನೂ ಮೂರು ಮನೆಗೆ ಕೇಳುವಂತೆ ಹೇಳುತ್ತಾನೆ. ಮನೆಯ ಶೋಕೇಸಿನಲ್ಲಿ ಒಂದು ಹಿತ್ತಾಳೆ ಹಿಡಿಯ ಕತ್ತಿ ಇದೆ. ಅಲಗಿಗೆ ಹರಿತವಿಲ್ಲ, ಶೋಕೇಸಿಗೆ ಬೀಗವಿದೆ, ಬೀಗದ ಕೈ ಅವನ ಹೆಂಡತಿ ಕಾಕುವಿನ ಹತ್ತಿರ ಇದೆ. ಒಂಬತ್ತು ಇಂಚು ಮೀರಿದ ಹರಿತ ಅಲಗಿನ ಬಗ್ಗೆ ಕಾಯದೆ ಏನನ್ನುತ್ತದೆ ಎಂಬುದು ಕಾಕಾನಿಗೆ ಬಾಯಿಪಾಠ. ಹುಟ್ಟುಹಬ್ಬಕ್ಕೆ ತಲವಾರಿನಿಂದ ಕೇಕ್ ಕೊಯ್ದು ಪೊಲೀಸ್ ಠಾಣೆ ಕಂಡ ಹುಡುಗರ ಸುದ್ದಿ ಬಂದರೆ ಅವನು ಕೆಂಡವಾಗುತ್ತಾನೆ. ಸಿಟ್ಟು ಕಾಯದೆ ಮುರಿದದ್ದಕ್ಕಲ್ಲ: “ಕ್ರೀಮ್ ಹತ್ತಿದ ಅಲಗು ಒರಸ್ಯಾರೋ ಇಲ್ಲೋ?”

ಕಾಕಾನ ಎಡ ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗುರುತಿದೆ. ಒಮ್ಮೆ ಮಗ್ಗದಿಂದ ಲಾಳಿ ಸಿಡಿದು ಬಡಿದದ್ದು ಅದು. ಹೊಸಬರು ಕತ್ತಿಯ ಗಾಯವೆಂದು ತಿಳಿಯುತ್ತಾರೆ, ಕಾಕಾ ತಿದ್ದುವುದಿಲ್ಲ. ಜಗತ್ತಿನಲ್ಲಿ ಅವನು ತಿದ್ದದೆ ಬಿಟ್ಟ ತಪ್ಪು ಅದೊಂದೇ.

ಇಂಥ ಮನುಷ್ಯನಿಗೆ ವರ್ಷದಲ್ಲಿ ಮೂರು ಹಬ್ಬ, ಮೂರೂ ಶಿವಜಯಂತಿ. ಸರಕಾರದ್ದು ಫೆಬ್ರವರಿ 19, ಅಂದರೆ ಶಿವಾಜಿ 1630ರಲ್ಲಿ ಹುಟ್ಟಿದ ಲೆಕ್ಕ. ತಿಥಿ ಹಿಡಿಯುವವರದ್ದು ಫಾಲ್ಗುಣ ಬಹುಳ ತದಿಗೆ. 1627ರ ಹಳೆಯ ಲೆಕ್ಕ ಬಿಡದವರದ್ದು ವೈಶಾಖ ಶುದ್ಧ ಬಿದಿಗೆ. ವಿದ್ವಾಂಸರು ಇದಕ್ಕಾಗಿ ವರ್ಷಗಟ್ಟಲೆ ವಾದ ಮಾಡಿದರು. ಕಾಕಾ ಮೂರನ್ನೂ ಒಪ್ಪಿ ಮೂರು ದಿನ ರಜೆ ಹಾಕುತ್ತಾನೆ. ಮೂರು ದಿನವೂ ಕೊಲ್ಲಾಪುರದಲ್ಲಿ ಎಲ್ಲೋ ಒಂದು ಕಡೆ ಹಲಗಿ ಮೊಳಗುತ್ತದೆ, ಮರ್ದಾನಿ ಖೇಳ ಎಂಬ ಶಸ್ತ್ರವಿದ್ಯೆಯ ಆಟ ನಡೆಯುತ್ತದೆ, ಗಾಜಿನ ಪೆಟ್ಟಿಗೆಯಲ್ಲಿ ಶಸ್ತ್ರ ಇಡುತ್ತಾರೆ.

ಈ ಸಲ ವೈಶಾಖದ ಜಯಂತಿಗೆ ನಾನೂ ಹೊರಟೆ. ಕಾಕಾ ಕೇಸರಿ ಪೇಟಾ ಸುತ್ತಿದ್ದ. ಜೊತೆಗೆ ಅವನ ಮೊಮ್ಮಗಳು. ಹುಡುಗಿ ಶಾಲೆಯಲ್ಲಿ ಫೆನ್ಸಿಂಗ್ ಕಲಿಯುತ್ತಿದ್ದಾಳೆ. ಈ ಸುದ್ದಿ ಕೇಳಿದ ದಿನ ಕಾಕಾ ಹೊಲಕ್ಕೆ ತಂತಿ ಬೇಲಿ ಹಾಕುವ ಕೆಲಸವೆಂದೇ ತಿಳಿದಿದ್ದ.

ಎಸ್‌ಟಿಯಲ್ಲಿ ಹುಡುಗಿಗೆ ಅರ್ಧ ಟಿಕೆಟ್, ನಮಗಿಬ್ಬರಿಗೆ ಪೂರ್ತಿ, ಸಂವಾದ ಇಡೀ ಬಸ್ಸಿಗೆ.

“ನಿನ್ನ ಕತ್ತಿ ಎಷ್ಟು ತೂಕ, ಬಾಳಾ?”

“ಫಾಯಿಲ್ ಅಜ್ಜಾ. ಅರ್ಧ ಕಿಲೋ ದಾಟಬಾರದು.”

“ಅರ್ಧ ಕಿಲೋ! ಅಷ್ಟು ನಿಮ್ಮ ಆಯಿ ಬದನಿಕಾಯಿ ತರತಾಳ.”

ಫಾಯಿಲಿನಲ್ಲಿ ಕೊಯ್ಯುವಂತಿಲ್ಲ, ತುದಿಯಿಂದ ಚುಚ್ಚಬೇಕು, ಅದೂ ಮುಂಡಕ್ಕೆ ಮಾತ್ರ. ಬೆನ್ನಿಗೆ ಸಿಕ್ಕಿಸಿದ ವೈರು ಪೆಟ್ಟಿಗೆಯ ತನಕ ಹೋಗುತ್ತದೆ, ಚುಚ್ಚಿದರೆ ದೀಪ ಹತ್ತುತ್ತದೆ ಎಂದು ಹುಡುಗಿ ವಿವರಿಸಿದಳು. ಕಾಕಾ ಪವರ್‌ಲೂಮಿನವನು. ಅವನ ಪ್ರಶ್ನೆ ಒಂದೇ: “ಕರೆಂಟ್ ಹೋದ್ರ?”

“ಆಟ ನಿಲ್ಲಸ್ತಾರ.”

“ಅಂದ್ರ ಯುದ್ಧಕ್ಕೂ ಲೋಡ್‌ಶೆಡ್ಡಿಂಗ್ ಬಂತು” ಎಂದು ಹಿಂದಿನ ಸೀಟಿನವರಿಗೂ ತಿಳಿಸಿದ.

ಆಗ ಹುಡುಗಿ ಮೊಬೈಲು ತೆಗೆದು ಚೆನ್ನೈನ ಭವಾನಿ ದೇವಿಯ ಆಟ ತೋರಿಸಿದಳು. 2021ರಲ್ಲಿ ಟೋಕಿಯೋ ಒಲಿಂಪಿಕ್ಸಿಗೆ ಹೋದ ಭಾರತದ ಮೊದಲ ಫೆನ್ಸರ್. ಮೊದಲ ಪಂದ್ಯ 15–3ರಿಂದ ಗೆದ್ದು, ಎರಡನೆಯದರಲ್ಲಿ ಸೋತವಳು. ಅವಳ ಆಯುಧ ಸೇಬರ್; ಅದರಲ್ಲಿ ಕೊಯ್ಯಲೂಬಹುದು. ಕಾಕಾ ಮೊಬೈಲನ್ನು ಹಣೆಗೆ ಮುಟ್ಟಿಸುವುದೊಂದು ಬಾಕಿ. “ಹೆಸರು ಭವಾನಿ. ಕೈಯಾಗ ಕೊಯ್ಯೂ ಕತ್ತಿ. ಇದಕ್ಕ ನಾನು ಬ್ಯಾಡ ಅನ್ನೂದಿಲ್ಲ.”

ಅದೇ ಹುರುಪಿನಲ್ಲಿ ಅವಳು ಇನ್ನೊಂದು ವಿಡಿಯೋ ಹಾಕಿದಳು. ಅಮೆರಿಕದ ಜಾತ್ರೆ. 1963ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದದ್ದಂತೆ. ಆಫೀಸಿನ ಜನ ಒಂದು ದಿನದ ಮಟ್ಟಿಗೆ ನಾನೂರು ವರ್ಷ ಹಿಂದಿನ ಇಂಗ್ಲೆಂಡಿನ ಉಡುಪು ತೊಟ್ಟು, ಸೊಂಟಕ್ಕೆ ಕತ್ತಿ ಸಿಕ್ಕಿಸಿ ತಿರುಗುತ್ತಾರೆ. ಕಾಕಾ ಕನಿಕರದಿಂದ ನೋಡಿದ. “ಪಾಪ, ವೇಷ ಹಾಕಬೇಕಾಗತದ ಅವರಿಗೆ” ಎಂದು ಪೇಟಾದ ಸೆರಗು ಸರಿಮಾಡಿಕೊಂಡ.

ಶಸ್ತ್ರ ಪ್ರದರ್ಶನದ ಬಾಗಿಲಲ್ಲೇ ಕಾಕಾನ ನಡಿಗೆ ಬದಲಾಯಿತು. ಎದೆ ಮುಂದೆ, ಕೈ ಹಿಂದೆ. ಮೊದಲನೆಯ ಪೆಟ್ಟಿಗೆಯ ಮುಂದೆ ಅವನದೇ ಜಾತಿಯ ಇನ್ನಿಬ್ಬರು ಆಗಲೇ ನಿಂತಿದ್ದರು. ಇವರು ಒಬ್ಬರಿಗೊಬ್ಬರು ನಮಸ್ಕಾರ ಮಾಡುವುದಿಲ್ಲ. ಮೊದಲನೆಯವನು ಪೆಟ್ಟಿಗೆಯ ಕತ್ತಿ ನೋಡಿ “ಧೋಪ” ಎನ್ನುತ್ತಾನೆ, ಎರಡನೆಯವನು ತಲೆ ಅಲ್ಲಾಡಿಸುತ್ತಾನೆ, ಮೂರನೆಯವನು ನಗುತ್ತಾನೆ. ಪರಿಚಯ ಮುಗಿಯಿತು.

ಎರಡನೆಯ ಪೆಟ್ಟಿಗೆಯ ಚೀಟಿಯಲ್ಲಿ ‘ತಲವಾರ’ ಎಂದಿತ್ತು. ಕಾಕಾ ಅಲ್ಲಿ ನಿಂತಿದ್ದ ಕಾರ್ಯಕರ್ತ ಹುಡುಗನನ್ನು ಕರೆದು ಮರಾಠಿಯಲ್ಲಿ ತಿದ್ದಿದ. ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಇನ್ನೊಮ್ಮೆ ತಿದ್ದಿದ. “ತಲವಾರ ಬಾಗಿರತದ. ಇದು ನೆಟ್ಟಗದ. ಇದು ಫಿರಂಗ. ಪೋರ್ತುಗೀಜರು ಹಡಗಿನ್ಯಾಗ ಅಲಗು ತರತಿದ್ರು. ಜರ್ಮನಿದು, ಇಟಲಿದು, ಸ್ಪೇನಿಂದು. ನಮ್ಮವರು ಅದಕ್ಕ ನಮ್ಮ ಮೂಠ ಕೂಡಿಸ್ತಿದ್ರು.”

ಅಲ್ಲಿಂದ ಮಾತು ಲಂಡನ್ನಿಗೆ ಹಾರಿತು. 1875–76ರಲ್ಲಿ ವೇಲ್ಸ್ ರಾಜಕುಮಾರ ಭಾರತಕ್ಕೆ ಬಂದಾಗ ಕೊಲ್ಲಾಪುರದ ಬಾಲಕ ಮಹಾರಾಜ ನಾಲ್ಕನೇ ಶಿವಾಜಿಯ ಕಡೆಯಿಂದ ಕಾಣಿಕೆಯಾಗಿ ಹೋದ ಜಗದಂಬಾ ಖಡ್ಗ ಇನ್ನೂ ಅಲ್ಲಿನ ಅರಮನೆ ಸಂಗ್ರಹದಲ್ಲೇ ಇದೆ. ಅದೂ ಯುರೋಪಿನ ಅಲಗಿನದೇ. ಆ ಕಾಣಿಕೆ ತನ್ನನ್ನು ಕೇಳದೆ ಕೊಟ್ಟದ್ದು ಎಂಬಂತೆ ಕಾಕಾ ಇವತ್ತಿಗೂ ಮುನಿಸಿಕೊಂಡಿದ್ದಾನೆ. 2024ರ ಜುಲೈಯಲ್ಲಿ ಲಂಡನ್ನಿನ ಮ್ಯೂಸಿಯಮ್ಮಿನಿಂದ ಹುಲಿಯುಗುರಿನಂಥ ಆಯುಧ ವ್ಯಾಘ್ರನಖ ಮೂರು ವರ್ಷದ ಕೈಗಡವಾಗಿ ಸಾತಾರಕ್ಕೆ ಬಂದಾಗ ನೋಡಿ ಬಂದಿದ್ದ. ಪಾಳಿಯಲ್ಲಿ ನಿಂತು ಕಂಡದ್ದು ಹತ್ತು ಸೆಕೆಂಡು. ಅದನ್ನು ನಮಗೆ ವರ್ಣಿಸಿದ್ದು ಹತ್ತು ತಿಂಗಳು.

ಹುಡುಗಿ ಅಷ್ಟೂ ಹೊತ್ತು ಗಾಜಿಗೆ ಮೂಗು ಒತ್ತಿ ನಿಂತಿದ್ದಳು. “ಹಂಗಾರ ಅಜ್ಜಾ, ಇದು ಪರದೇಶದ್ದಲ್ಲ?”

“ಅಲಗು ಪರದೇಶದ್ದು. ಮೂಠ ನಮ್ಮದು. ಹಿಡಿದ ಕೈ ಯಾರದು ಅನ್ನೂದು ಮುಖ್ಯ.”

“ನನ್ನ ಫಾಯಿಲೂ ಹಂಗ ಅಲ್ಲೇನು?”

ಮೂವರು ತಜ್ಞರೂ ಒಮ್ಮೆಲೇ ಸುಮ್ಮನಾದದ್ದು ಆ ಪ್ರದರ್ಶನದಲ್ಲಿ ಅದೇ ಮೊದಲು. ಕಾಕಾ ಕೆಮ್ಮಿದ. “ಮಿಸಳ ತಿನ್ನೂಣ ನಡೀರಿ” ಎಂದ. ಹೋಟೆಲಿನವನು ಕಟ್, ಅಂದರೆ ಖಾರದ ರಸ, ಬೇಕೇ ಎಂದು ಕೇಳಿದಾಗ ಎರಡು ಸಲ ಹಾಕಿಸಿಕೊಂಡು, ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡು, ಉತ್ತರದಿಂದ ಪಾರಾದ.

ಇಳಿಹೊತ್ತಿಗೆ ಮರ್ದಾನಿ ಖೇಳ. ಹಲಗಿ, ಘುಮಕ, ಕೈತಾಳ. ಲಾಠಿ ತಿರುಗಿತು, ವಿಟಾ ಎಂಬ ಹಗ್ಗ ಕಟ್ಟಿದ ಭರ್ಜಿ ಎಸೆದು ಮತ್ತೆ ಎಳೆದುಕೊಂಡರು. ಕೊನೆಗೆ ದಾಂಡಪಟ್ಟಾ. ಮಹಾರಾಷ್ಟ್ರ ಸರಕಾರ 2024ರಲ್ಲಿ ಇದನ್ನು ರಾಜ್ಯಶಸ್ತ್ರವೆಂದು ಸಾರಿದಾಗ ಕಾಕಾ ಓಣಿಗೆಲ್ಲ ಪೇಢೆ ಹಂಚಿದ್ದ. ಪಟ್ಟಾ ಕಾಕಾ ಎಂಬ ಹೆಸರು ಅದಕ್ಕೂ ಹಳೆಯದು. ಮೊಣಕೈ ತನಕ ಉಕ್ಕಿನ ಕೈಗವಸು, ಅದಕ್ಕೇ ಕೂಡಿದ ಉದ್ದನೆಯ ಬಾಗುವ ಅಲಗು. “ಮಣಿಕಟ್ಟು ಒಳಗ ಬಂದ್. ಬೀಸೂದು ಭುಜದಿಂದ, ಸೊಂಟದಿಂದ, ಕಾಲಿಂದ” ಎಂದು ಕಾಕಾ ಆಡುವವನಿಗಿಂತ ಅರ್ಧ ಹೆಜ್ಜೆ ಮುಂದಾಗಿ ವಿವರಿಸುತ್ತಿದ್ದ.

ಆಟ ಕಲಿಸುವ ವಸ್ತಾದ ಒಂದು ನಿಂಬೆಹಣ್ಣು ಎತ್ತಿ ಹಿಡಿದು, ಅಂಗೈ ಮೇಲೆ ಇಟ್ಟುಕೊಳ್ಳಲು ಯಾರು ಬರುತ್ತೀರಿ ಎಂದು ಕೇಳಿದ. ಪಟ್ಟಾದ ಬಗ್ಗೆ ಅಷ್ಟು ತಿಳಿದ ಒಬ್ಬ ಮನುಷ್ಯ ಅಲ್ಲಿದ್ದಾನೆಂದು ಸುತ್ತಲಿನವರಿಗೆ ಗೊತ್ತಾಗಿತ್ತು. ಎಲ್ಲರೂ ತಿರುಗಿ ನೋಡಿದರು. ಅದೇ ಗಳಿಗೆಗೆ ಕಾಕಾನಿಗೆ ಫೋನು ಬಂತು. ರಿಂಗಾಗಲಿಲ್ಲ, ಆದರೂ ಬಂತು. “ಹಾಂ, ಯಾವ ಮಗ್ಗ? ನಾಲ್ಕನೇದಾ?” ಎನ್ನುತ್ತ ಎರಡು ಹೆಜ್ಜೆ ಹಿಂದೆ ಸರಿದ.

ಹುಡುಗಿ ನಮ್ಮ ನಡುವಿನಿಂದ ನುಸುಳಿ ಅಖಾಡದೊಳಗೆ ಹೋಗಿ ಕೈ ಚಾಚಿ ನಿಂತಳು. ವಸ್ತಾದ ಅವಳ ಕಣ್ಣು ನೋಡಿದ. ಅವಳು ಅಲಗಿನ ತುದಿ ನೋಡುತ್ತಿದ್ದಳು. ಹಲಗಿ ಒಮ್ಮೆಲೇ ನಿಂತಿತು. ಗಾಳಿ ಸೀಳಿದ ಸದ್ದಷ್ಟೇ ಕೇಳಿತು. ಅಂಗೈ ಮೇಲೆ ಎರಡು ಹೋಳು, ಅಂಗೈಗೆ ಗೀರೂ ಇಲ್ಲ. ಕಾಕಾನ ಫೋನು ಕಿವಿಯಲ್ಲೇ ಇತ್ತು. ಬಾಯಿ ಮಾತ್ರ ತೆರೆದಿತ್ತು. ಅವನು ಏನೂ ವಿವರಿಸದೆ ಪಟ್ಟಾ ನೋಡಿದ್ದು ಬಹುಶಃ ಆವತ್ತೇ.

ವಾಪಸಾಗುವಾಗ ನಿಂಬೆಯ ಒಂದು ಹೋಳು ಕಾಕಾನ ಅಂಗಿಯ ಜೇಬಿನಲ್ಲಿತ್ತು, ಕರ್ಚೀಫಿನಲ್ಲಿ ಸುತ್ತಿ. ರಾತ್ರಿ ಬೀಗದ ಕೈ ಕೇಳಿ ಇಸಿದುಕೊಂಡು ಅದನ್ನು ಶೋಕೇಸಿನಲ್ಲಿ ಕತ್ತಿಯ ಪಕ್ಕ ಇಟ್ಟ. ಬೆಳಿಗ್ಗೆ ನಾನು ಹೋದಾಗ ಶೋಕೇಸು ತೆರೆದಿತ್ತು, ಕತ್ತಿ ಒಂಟಿಯಾಗಿತ್ತು, ಕಾಕಾ ಅವಲಕ್ಕಿಯ ತಟ್ಟೆಯ ಮುಂದೆ ಕೂತಿದ್ದ. ಮನೆಯಲ್ಲಿ ನಿಂಬೆ ಮುಗಿದಿತ್ತಂತೆ, ಕಾಕು ಹಿಂಡಿಬಿಟ್ಟಿದ್ದಳು.

ಸಿಟ್ಟಾಗಿರಬಹುದೆಂದು ನಾನು ಬಾಗಿಲಲ್ಲೇ ನಿಂತೆ. ಕಾಕಾ ಕಣ್ಣು ಮುಚ್ಚಿ ಒಂದು ತುತ್ತು ಅಗಿದು, ಬೆರಳೆತ್ತಿ, ನನ್ನನ್ನೂ ಓಣಿಯನ್ನೂ ಉದ್ದೇಶಿಸಿ ಹೇಳಿದ: “ಈಳಿಗಿ ಮ್ಯಾಲ ಹೆಚ್ಚಿದ್ದಕ್ಕ ಈ ರುಚಿ ಇರೂದಿಲ್ಲ.”