ದೇವರಿಗೂ ನನಗೂ ಪುರ್ಸೊತ್ತು

ಐದು ನಿಮಿಷ ಕಣ್ಣು ಮುಚ್ಚಿ ದೇವರ ಮುಂದೆ ಕೂರೋಣ ಅಂದುಕೊಂಡರೆ ಸಾಕು, ಅಲ್ಲಿಯವರೆಗೆ ಸುಮ್ಮನಿದ್ದ ಲೋಕಕ್ಕೆಲ್ಲ ನಮ್ಮ ನೆನಪಾಗುತ್ತದೆ. ಕುಕ್ಕರ್ ಕೂಗುತ್ತದೆ, ಹಾಲಿನವನು ಕೂಗುತ್ತಾನೆ, ವರ್ಷದಿಂದ ಸುದ್ದಿಯೇ ಇಲ್ಲದ ಷಡ್ಡಕ ಫೋನು ಮಾಡುತ್ತಾನೆ. ಯೇಸುಸ್ವಾಮಿಗೂ ಇದು ತಪ್ಪಲಿಲ್ಲ. ನಸುಕಿನಲ್ಲೇ ಎದ್ದು ಊರಾಚೆ ಹೋಗಿ ಪ್ರಾರ್ಥನೆಗೆ ಕೂತರೆ ಶಿಷ್ಯರು ಅಲ್ಲಿಗೂ ಹುಡುಕಿಕೊಂಡು ಬಂದು, ಜನ ಕೇಳುತ್ತಿದ್ದಾರೆ ಅಂದರಂತೆ. ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲೇ ಇದೆ.

ಬಾಗಿಲು ಹಾಕಿಕೊಂಡು ಗುಟ್ಟಾಗಿ ಪ್ರಾರ್ಥಿಸಬೇಕೆಂಬ ಉಪದೇಶವೂ ಯೇಸುಸ್ವಾಮಿಯದೇ. ಆದರೆ ಸಾತನೂರು ಸೀಮೆಯ ರೇಷ್ಮೆ ಬೆಳೆಗಾರರ ಮನೆಯಲ್ಲಿ ಸದಾ ಬಾಗಿಲು ಹಾಕಿರುವ ಕೋಣೆ ಒಂದೇ, ಅದು ಹುಳುವಿನದು. ಜಾಗ ಸಾಲದ ಮನೆಗಳಲ್ಲಿ ಹುಳು ನಡುಮನೆಯಲ್ಲಿರುತ್ತದೆ, ಮನೆಯವರು ಜಗಲಿಯಲ್ಲಿ ಮಲಗುತ್ತಾರೆ. ಅಲ್ಲಿ ಊದುಬತ್ತಿ ಹಚ್ಚುವಂತಿಲ್ಲ, ಹೊಗೆ ಹುಳುವಿಗೆ ಆಗದು. ಕೊನೆಯ ಹಂತದಲ್ಲಂತೂ ಸುಮಾರು ಒಂದು ವಾರ ಹಗಲು ರಾತ್ರಿಯೆನ್ನದೆ ಸೊಪ್ಪು ಹಾಕಬೇಕು. ಜನ್ಮದಲ್ಲಿ ತಿನ್ನುವುದರ ಬಹುಪಾಲನ್ನು ಅದು ಆಗಲೇ ತಿಂದು ಮುಗಿಸುತ್ತದೆ. ಜಪಸರದ 53 'ನಮೋ ಮರಿಯಾ'ಗಳಿಗೆ ಆಗ ಎಲ್ಲಿಯ ಬಿಡುವು?

ಅದಕ್ಕೆ ಮುಂಚೆ ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಪೊರೆ ಬಿಡುವ ಕಾಲಕ್ಕೆ ರೈತರು ಇಟ್ಟ ಹೆಸರು ಜ್ವರ. ತಿನ್ನುವುದು ನಿಲ್ಲಿಸಿ, ತಲೆಯೆತ್ತಿ, ಒಂದು ದಿನದಷ್ಟು ಅಲುಗಾಡದೆ ಇರುತ್ತದೆ. ತಟ್ಟೆಯ ತುಂಬ ಪೂಜೆಗೆ ಕೂತ ಸಭೆಯಂತೆ ಕಾಣುತ್ತದೆ. ಅಂಥ ಒಂದು ಮಧ್ಯಾಹ್ನ ಜಗಲಿಯಲ್ಲಿ ಜಪಸರ ಹಿಡಿದು ಕೂತಿದ್ದ ಅಜ್ಜಿಯೊಬ್ಬರು, "ಹುಳ ಜ್ವರಕ್ಕೆ ಕೂತವೆ ಕಣಪ್ಪ, ಈಗ ದೇವ್ರಿಗೂ ನಂಗೂ ಪುರ್ಸೊತ್ತು" ಅಂದರು. ದೇವರಿಗೇನು ಕೆಲಸವಿತ್ತೋ, ನಾನು ಕೇಳಲಿಲ್ಲ.

ಶುಭಸಂದೇಶ ಸಾರುವುದೂ ಇಲ್ಲಿ ಹೀಗೇ, ಕೆಲಸದ ಸಂದಿಯಲ್ಲಿ. ಪೇಟೆಯಿಂದ ಉತ್ಸಾಹದ ತರುಣನೊಬ್ಬ ಕರಪತ್ರ ಹಿಡಿದು ಬಂದರೆ, ಸೊಪ್ಪು ಹಾಕುವ ಹೊತ್ತಿನಲ್ಲಿ ಅವನ ತಲೆಯ ಮೇಲೂ ಒಂದು ಹೊರೆ ಬಿದ್ದೀತು. ಅಜ್ಜಿ ಯಾರಿಗೂ ಕರಪತ್ರ ಕೊಟ್ಟವರಲ್ಲ. ತಪಸ್ಸುಕಾಲದಲ್ಲಿ ಬಾಡು ಯಾಕೆ ಮುಟ್ಟುತ್ತಿಲ್ಲ ಎಂದು ಸೊಪ್ಪು ಕೊಯ್ಯುತ್ತ ಪಕ್ಕದ ಮನೆಯಾಕೆ ಕೇಳಿದರೆ ಎರಡು ಮಾತು ಹೇಳುತ್ತಾರೆ. ಆಕೆ ತನ್ನ ಮಾದಪ್ಪನ ಕಥೆ ಹೇಳುತ್ತಾಳೆ. ಹೊರೆ ತುಂಬುವಷ್ಟರಲ್ಲಿ ಇಬ್ಬರದೂ ಮುಗಿದಿರುತ್ತದೆ. ನನಗೆ ಈ ಲೇವಾದೇವಿಯೇ ಹೆಚ್ಚು ಹಿಡಿಸುತ್ತದೆ. 17ನೇ ಶತಮಾನದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಕೂಡ ಕನ್ನಡ ಕಲಿತು ವ್ಯಾಕರಣ ಬರೆದವರು. ಹೇಳಬೇಕಾದರೆ ಮೊದಲು ಇಲ್ಲಿಯವರ ಮಾತು ಕೇಳಬೇಕಲ್ಲ!

ಶುಭಸಂದೇಶವನ್ನು ನಾಟಕವಾಡಿ ಸಾರುವ ಊರೂ ಇಲ್ಲುಂಟು. ಹೊರಗಿನವರಿಗೆ ಅರ್ಕಾವತಿ ಅಣೆಕಟ್ಟಿನಿಂದ ಹೆಸರು ಗೊತ್ತಿರುವ ಹಾರೋಬೆಲೆ ಸಾತನೂರಿರುವ ಕನಕಪುರ ತಾಲ್ಲೂಕಿನದೇ, ತಲೆಮಾರುಗಳಿಂದ ಕ್ರೈಸ್ತರ ಊರು. ಶುಭಶುಕ್ರವಾರ ಜನ ಅಲ್ಲಿನ ಕಪಾಲಬೆಟ್ಟ ಹತ್ತುತ್ತಾರೆ. ಯೇಸುವಿನ ಪಾಡಿನ ನಾಟಕ 'ಮಹಿಮೆ'ಯನ್ನು ಊರಿನವರೇ ಬಣ್ಣ ಹಚ್ಚಿ ಆಡುತ್ತಾರೆ, ಅದು ಶತಮಾನ ದಾಟಿದ ರೂಢಿ. ನೋಡಲು ಯಾವ ಧರ್ಮದವರಿಗೂ ಅಡ್ಡಿಯಿಲ್ಲ. ಹೋಗುವವರು ಒಂದು ಚಾಪೆ ಕೊಂಡೊಯ್ಯಿರಿ, ನಾಟಕ ಬೇಗ ಮುಗಿಯುವಂಥದ್ದಲ್ಲ.